ಮೇ ತಿಂಗಳ ಹಾಳೆ

ನವೆಂಬರ್ 3

ಅತ್ತಿಗೆಗೆ,

ಅತ್ತಿಗೆ ಅಂತಲೇ ಬರೆದಿದ್ದೇನೆ. ಬೇರೆ ಏನೆಂದು ಕರೆಯಬೇಕೋ ತಿಳಿಯದೆ ಹಾಳೆ ಹರಿದು ಹರಿದು ಹಾಕಿ, ಕೊನೆಗೆ ಕೈಗೆ ರೂಢಿಯಾದದ್ದನ್ನೇ ಬರೆದೆ. ಬೇಡ ಅನಿಸಿದರೆ ಹೇಳಿ, ಬಿಡುತ್ತೇನೆ. ಬಿಟ್ಟು ಏನು ಬರೆಯಬೇಕೆಂದೂ ನೀವೇ ಹೇಳಿಕೊಡಬೇಕು.

ಫೋನ್ ಮಾಡಬಹುದಿತ್ತು. ಕಳೆದ ಸಲ ಮಾಡಿದಾಗ ನನಗೆ ಅಳು ಬಂತು, ಇಬ್ಬರೂ 'ಸರಿ, ಇಡ್ತೀನಿ' ಅಂದು ಇಟ್ಟುಬಿಟ್ಟೆವು. ಕಾಗದದಲ್ಲಿ ಆ ತೊಂದರೆ ಇಲ್ಲ. ಅತ್ತರೂ ನಿಮಗೆ ಕೇಳಿಸುವುದಿಲ್ಲ.

ವಿಷಯ ಏನೆಂದರೆ, ಕ್ಯಾಲೆಂಡರ್. ನೀವೂ ಅಣ್ಣನೂ ಸಹಿ ಹಾಕಿ ಬೇರೆಯಾಗಿ ವರ್ಷವಾಗುತ್ತಾ ಬಂತು. ಇಷ್ಟಾದಮೇಲೆ ಕೇಳುವುದಕ್ಕೆ ನನಗೆ ಮುಖವಿಲ್ಲ, ಗೊತ್ತು. ಆದರೆ ನವೆಂಬರ್ ಬಂತೆಂದರೆ, ಅಚ್ಚಿಗೆ ಮೊದಲು ನೀವು ಕಳಿಸುವ ಮಾದರಿ ಹಾಳೆಗಳಿಗಾಗಿ ಅಮ್ಮ ಪೋಸ್ಟಿನವನ ದಾರಿ ಕಾಯುತ್ತಾರೆ. 'ಅವಳ ಪ್ರೂಫ್ ಬಂತೇನೆ?' ಎಂದು ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ. ಉಪಾಯ ಮಾಡಿ ಅಂಗಡಿಯಿಂದ ಒಂದು ಕ್ಯಾಲೆಂಡರ್ ತಂದು ಗೋಡೆಗೆ ತೂಗುಹಾಕಿದೆ. ಕನ್ನಡಕ ಏರಿಸಿ ನೋಡಿದರು. 'ಬರೆಯೋಕೆ ಜಾಗ ಎಲ್ಲಿದೆ ಇದ್ರಲ್ಲಿ? ಯಾರ ಮನೇದು ಇದು?' ಅಂದು, ಅದರ ಹಿಂಬದಿಯಲ್ಲಿ ನನ್ನ ಪುಟ್ಟಿಯ ಫ್ರಾಕಿಗೆ ಪ್ಯಾಟರ್ನ್ ಬರೆದು ಕತ್ತರಿಸಿಬಿಟ್ಟರು.

ನೀವು ಮದುವೆಯಾಗಿ ಬಂದ ಮೊದಲ ವರ್ಷ ಅಮ್ಮನ ಹೊಲಿಗೆ ಅಂಗಡಿಗೆಂದು ಮಾಡಿಕೊಟ್ಟ ವಿನ್ಯಾಸವೇ ಅವರಿಗೆ ಬೇಕು. ಚೌಕದ ಮೇಲರ್ಧದಲ್ಲಿ ತಾರೀಖು, ಕೆಳಗರ್ಧ ಪೆನ್ಸಿಲ್‌ನಲ್ಲಿ ಬರೆಯಲು ಖಾಲಿ: ಯಾರ ಅಂಗಿ ಯಾವಾಗ ಕೊಡಬೇಕು ಎಂದು. ಅಂಗಡಿ ಮುಚ್ಚಿ ಎಷ್ಟೋ ಕಾಲವಾಯಿತು, ಕೆಳಗರ್ಧ ವರ್ಷಪೂರ್ತಿ ಬಿಳಿಯಾಗಿಯೇ ಉಳಿಯುತ್ತದೆ. ಆದರೂ ಅದು ಇರಬೇಕು. ಪ್ರತಿ ತಿಂಗಳಿಗೂ ಆ ತಿಂಗಳು ಹುಟ್ಟಿದವರ ಫೋಟೋ ಇರಬೇಕು. ಬೆಳಿಗ್ಗೆ ಎದ್ದು ಮೊದಲು ಆ ಗೋಡೆಯ ಮುಂದೆ ನಿಲ್ಲುತ್ತಾರೆ, ಆಮೇಲೇ ಚಹ.

ಹೆಚ್ಚೇನೂ ಬೇಡ. ಬರೀ ಇಸವಿ, ತಾರೀಖು ಬದಲಿಸಿದರೆ ಸಾಕು. ನಾನು ಔಷಧಿ ಅಂಗಡಿಯ ಕೌಂಟರಿನಲ್ಲಿ ನಿಂತು ನಿಂತು ಕಾಲು ಊದಿಸಿಕೊಂಡು ಬರುತ್ತೇನೆ, ಮನೆಗೆ ಬಂದರೆ ಇದೇ ಪ್ರಶ್ನೆ. ಸಾಕಾಗಿದೆ ಅತ್ತಿಗೆ.

ನಿಮ್ಮ ಗುಬ್ಬಿ


ನವೆಂಬರ್ 10

ಗುಬ್ಬಿಗೆ,

ನಿನ್ನ ಕಾಗದ ಬಂತು. ಕ್ಯಾಲೆಂಡರ್ ಮಾಡಿಕೊಡುತ್ತೇನೆ, ಅದಕ್ಕೆ ಮುಖ ಯಾಕೆ ಬೇಕು? ಈ ತಿಂಗಳು ಪ್ರೆಸ್ಸಿನಲ್ಲಿ ನಾನು ಮಾಡುತ್ತಿರುವುದೇ ಅದು. ಟೈರ್ ಅಂಗಡಿಯವರು, ಕನ್ನಡಕದವರು, ಬಾವಿ ಪಂಪಿನವರು, ಎಲ್ಲರಿಗೂ ವರ್ಷ ಹೊಸದು ಬೇಕು, ವಿನ್ಯಾಸ ಹಳೆಯದೇ ಸಾಕು. ದಿನವಿಡೀ ಇಸವಿಯ ಕೊನೆಯ ಅಂಕಿ ಅಳಿಸಿ ಇನ್ನೊಂದು ಕೂರಿಸುತ್ತೇನೆ. ಸಂಜೆ ಹೊತ್ತಿಗೆ ಯಾವ ವರ್ಷದಲ್ಲಿ ಕೂತಿದ್ದೇನೆಂದು ನನಗೇ ಗೊತ್ತಿರುವುದಿಲ್ಲ.

ಅತ್ತೆಯ ಫೈಲ್ ತೆರೆದೆ. ಹೊಸ ಸಾಫ್ಟ್‌ವೇರಿಗೂ ಹಳೇ ಫೈಲಿಗೂ ಅತ್ತೆ-ಸೊಸೆ ಸಂಬಂಧ. (ನನ್ನ ಅತ್ತೆಯ ಮಾತಲ್ಲ, ಲೋಕದ ಅತ್ತೆಯರ ಮಾತು.) ಬಾಗಿಲು ತೆಗೆದ ಕೂಡಲೇ ಆ ಫಾಂಟ್ ಇಲ್ಲ, ಈ ಫಾಂಟ್ ಇಲ್ಲ ಎಂದು ತಕರಾರು. ಅದನ್ನು ಸಮಾಧಾನ ಮಾಡಿದೆ. ಈ ವರ್ಷ ಬುಧವಾರ ಶುರುವಾಗಿತ್ತು, ಬರುವ ವರ್ಷ ಗುರುವಾರ, ಆದ್ದರಿಂದ ಪ್ರತಿ ತಾರೀಖೂ ಒಂದು ಚೌಕ ಮುಂದೆ ಹೋಗಬೇಕು. ತಾರೀಖುಗಳನ್ನು ಸಾಫ್ಟ್‌ವೇರೇ ಸರಿಸುತ್ತದೆ. ಹುಟ್ಟುಹಬ್ಬದ ಹೆಸರುಗಳು ಮಾತ್ರ ತಾರೀಖಿಗೆ ಅಂಟಿಕೊಂಡಿಲ್ಲ, ಮೇಲೆ ಪ್ರತ್ಯೇಕವಾಗಿ ಕೂತಿವೆ. ಅವನ್ನು ಒಂದೊಂದಾಗಿ ನಾನೇ ಎತ್ತಿ ಇಡಬೇಕು. ಮರೆತರೆ ನಿಮ್ಮ ಮನೆಯವರೆಲ್ಲ ಒಂದು ದಿನ ಮೊದಲೇ ಹುಟ್ಟುತ್ತೀರಿ.

ಈಗ ಕೆಲಸದ ಪ್ರಶ್ನೆ. ಅಂಕಿ ಇನ್ನಷ್ಟು ದಪ್ಪ ಬೇಕೇ? ಪುಟ್ಟಿಯ ಹೊಸ ಫೋಟೋ ಕಳಿಸು, ಹಳೆಯದರಲ್ಲಿ ಹಲ್ಲೇ ಇಲ್ಲ. ಅಕ್ಟೋಬರಿಗೆ ಮಾವ ತೀರಿಕೊಂಡ ವರ್ಷ ಅವರ ಫೋಟೋ ತೆಗೆದು ಅತ್ತೆಯ ಕತ್ತರಿಯ ಫೋಟೋ ಹಾಕಿದ್ದೆ. ಅದು ಹಾಗೇ ಇರಲೇ? ಇನ್ನು ಮೇ ತಿಂಗಳು. ಅಲ್ಲಿ ನನ್ನ ಫೋಟೋ ಇದೆ, ಹದಿನೇಳರ ಚೌಕದಲ್ಲಿ ನನ್ನ ಹುಟ್ಟುಹಬ್ಬವಿದೆ. ಆಗಸ್ಟಿನಲ್ಲಿ ಮದುವೆಯ ದಿನ ಇದೆ. ಏನು ಮಾಡಲಿ? 'ಬರೀ ಇಸವಿ, ತಾರೀಖು' ಎಂದು ಬರೆದಿದ್ದೀಯ. ಬರೀ ತಾರೀಖು ಬದಲಿಸಿದರೆ ನಾನು ಅಲ್ಲೇ ಕೂತಿರುತ್ತೇನೆ. ಬೇರೆ ಅರ್ಥ ಕಟ್ಟಬೇಡ, ಗಿರಾಕಿಯನ್ನು ಕೇಳುವ ಹಾಗೆ ಕೇಳುತ್ತಿದ್ದೇನೆ.

ಕೊನೆಯಲ್ಲಿ ಅತ್ತಿಗೆ ಎಂದು ಸಹಿ ಹಾಕಲೋ ಬೇಡವೋ ಎಂದು ಸ್ವಲ್ಪ ಹೊತ್ತು ಪೆನ್ನು ಹಿಡಿದುಕೊಂಡಿದ್ದೆ. ಹಾಕುತ್ತಿಲ್ಲ. ಕೈಬರಹ ನಿನಗೆ ಗೊತ್ತಲ್ಲ.


ನವೆಂಬರ್ 17

ಅತ್ತಿಗೆ,

ಅಂಕಿ ದಪ್ಪ ಮಾಡಿ. ಅಮ್ಮನಿಗೆ ಎಡಗಣ್ಣಿನಲ್ಲಿ ಪೊರೆ ಬರುತ್ತಿದೆಯಂತೆ. ಕಿವಿಯಂತೂ ಕೇಳಲೇಬೇಡಿ. ಮಷಿನ್ ಕೊಡಿಸಿದ್ದೇವೆ, ಅದು ಬಟ್ಟಲಿನಲ್ಲಿ ಗುಂಡಿಗಳ ಜೊತೆ ವಾಸ ಮಾಡುತ್ತಿದೆ. ನಾನು ಬಾಗಿಲಿನಿಂದ ಕೂಗಿದರೆ ಪಕ್ಕದ ಮನೆಯವರು ಓಗೊಡುತ್ತಾರೆ, ಅಮ್ಮ ಓಗೊಡುವುದಿಲ್ಲ. ಪುಟ್ಟಿಯ ಫೋಟೋ ಇದರ ಜೊತೆ ಇದೆ. ಈಗ ಹಲ್ಲು ಹೆಚ್ಚಾಗಿ ಬಂದಿವೆ, ಅದೊಂದು ಬೇರೆ ಚಿಂತೆ. ಕತ್ತರಿ ಅಲ್ಲೇ ಇರಲಿ.

ಮೇ, ಆಗಸ್ಟ್ ನಿಮಗೇ ಬಿಟ್ಟದ್ದು. ನಿಮಗೆ ಯಾವುದು ಸರಿ ಕಾಣುತ್ತದೋ ಹಾಗೆ ಮಾಡಿ. ನಾನು ಹೀಗೆ ಅಂದರೂ ತಪ್ಪು, ಹಾಗೆ ಅಂದರೂ ತಪ್ಪು. ಅಣ್ಣನನ್ನು ಕೇಳಿದೆ. 'ಏನಾದ್ರೂ ಮಾಡ್ಕೊಳ್ರೇ' ಅಂದ. ಭಾನುವಾರ ಫೋನು ಮಾಡುತ್ತಾನೆ, ಐದು ನಿಮಿಷದಲ್ಲಿ ಹವಾಮಾನ ಹೇಳಿ ಇಡುತ್ತಾನೆ. ಅಮ್ಮನನ್ನು ಈ ವಿಷಯ ಕೇಳುವ ಹಾಗಿಲ್ಲ. ಅದು ಯಾಕೆ ಅಂತ ಇನ್ನೊಂದು ಸಲ ಬರೆಯುತ್ತೇನೆ. ಈಗ ಕಣ್ಣು ಎಳೆಯುತ್ತಿದೆ.

ಗುಬ್ಬಿ


ನವೆಂಬರ್ 26

ಪ್ರೂಫ್ ಕಳಿಸಿದ್ದೇನೆ, ಕೊಳವೆಯೊಳಗೆ ಹನ್ನೆರಡು ಹಾಳೆ. ಗೋಡೆಗೆ ಹಚ್ಚಿ, ಎಂದಿನ ದೂರದಿಂದ ಓದಿಸಿ ನೋಡು. ತಿದ್ದುವುದಿದ್ದರೆ ಬೇಗ ತಿಳಿಸು. ಬಣ್ಣದ ಮಷಿನ್ ಡಿಸೆಂಬರ್ ಎರಡನೇ ವಾರದ ತನಕ ಮಾತ್ರ ಖಾಲಿ ಸಿಗುತ್ತದೆ.

ನಿನ್ನ ಉತ್ತರ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗಿತ್ತು. ಆದರೂ ಅರ್ಥವಾಯಿತು. ತೆಗೆ ಎಂದು ಹೇಳುವ ಕಷ್ಟ ನಿನಗೆ ಬೇಡ, ನಾನೇ ತೆಗೆದುಕೊಂಡರೆ ಎಲ್ಲರ ಕೈಯೂ ಶುಭ್ರ. ತಪ್ಪೇನಿಲ್ಲ. ನಿನ್ನ ಜಾಗದಲ್ಲಿದ್ದರೆ ನಾನೂ ಹಾಗೇ ಬರೆಯುತ್ತಿದ್ದೆನೋ ಏನೋ.

ಮೇ ತಿಂಗಳಿನಿಂದ ನನ್ನ ಫೋಟೋ ತೆಗೆದಿದ್ದೇನೆ. ಆ ಜಾಗಕ್ಕೆ ಅತ್ತೆಯ ದಾರದ ಉಂಡೆಗಳ ಫೋಟೋ ಹಾಕಿದೆ. ಮಾವನ ಜಾಗಕ್ಕೆ ಹಾಕಿದ ಕತ್ತರಿಯ ಫೋಟೋ ತೆಗೆದ ದಿನವೇ ತೆಗೆದದ್ದು, ಅದೇ ಫೋಲ್ಡರಿನಲ್ಲಿತ್ತು, ಬಣ್ಣವೂ ಹೊಂದುತ್ತದೆ. ಹುಟ್ಟುಹಬ್ಬ ಅಳಿಸಿದೆ. ಆಗಸ್ಟಿನ ಚೌಕ ಖಾಲಿ.

ಒಂದು ತಮಾಷೆ ಹೇಳುತ್ತೇನೆ. ನನ್ನ ಫೋಟೋ ತೆಗೆದ ಮೇಲೂ ಸಾಫ್ಟ್‌ವೇರಿಗೆ ಅದರ ನೆನಪು ಹೋಗಿಲ್ಲ. ಫೈಲ್ ತೆರೆದಾಗಲೆಲ್ಲ, 'ಒಂದು ಚಿತ್ರ ಸಿಗುತ್ತಿಲ್ಲ, ಎಲ್ಲಿದೆ ತೋರಿಸಿ' ಎಂದು ಕೇಳುತ್ತದೆ. ಎಲ್ಲಿ ಅಂತ ತೋರಿಸಲಿ? 'ಬೇಡ' ಎಂದು ಒತ್ತುತ್ತೇನೆ. ಮತ್ತೆ ತೆರೆದರೆ ಮತ್ತೆ ಕೇಳುತ್ತದೆ. ನಿಮ್ಮ ಮನೆಯಲ್ಲಿ ಯಾರೂ ಕೇಳದ ಪ್ರಶ್ನೆಯನ್ನು ಇದಾದರೂ ಕೇಳುತ್ತಿದೆ.

ಸುಸ್ತಾಗಿದೆ. ಹೆಚ್ಚು ಬರೆದರೆ ಬರಬಾರದ ಮಾತು ಬರುತ್ತದೆ.


ಡಿಸೆಂಬರ್ 3

ಅತ್ತಿಗೆ,

ನಿನ್ನೆ ಫೋನಿನಲ್ಲಿ ನಾನು ಕಿರುಚಿದ್ದು ನಿಮಗೆ ತಲೆಬುಡ ಅರ್ಥವಾಗಿರಲಿಕ್ಕಿಲ್ಲ. 'ಮೊದಲು ಅಮ್ಮನಿಗೆ ಮುಖ ತೋರಿಸಿ, ಕೈ ಬೀಸಿ' ಅಂದೆ, ನೀವು ಪಾಪ ಬೀಸಿದಿರಿ. ಈಗ ಸಮಾಧಾನವಾಗಿ ಬರೆಯುತ್ತೇನೆ. ಓದಿ ಬೈಯಿರಿ, ಆದರೆ ಪೂರ್ತಿ ಓದಿ.

ಅಮ್ಮನಿಗೆ ನೀವಿಬ್ಬರು ಬೇರೆಯಾದದ್ದು ಗೊತ್ತಿಲ್ಲ. ನಾವು ಹೇಳಲೇ ಇಲ್ಲ. ಆಗ ಅಮ್ಮನಿಗೆ ನ್ಯುಮೋನಿಯಾ ಆಗಿತ್ತು, ಗುಣವಾಗಲಿ ಆಮೇಲೆ ಹೇಳೋಣ ಅಂದ ಅಣ್ಣ. ನಿಮ್ಮನ್ನು ಪ್ರೆಸ್ಸಿನವರು ದೂರದ ಶಾಖೆಗೆ ಹಾಕಿದ್ದಾರೆ ಅಂದೆವು. ಗುಣವಾದ ಮೇಲೆ ಹೇಳಲು ಬಾಯಿ ಬರಲಿಲ್ಲ. ಒಂದು ಸುಳ್ಳಿಗೆ ಇನ್ನೊಂದು ತೇಪೆ, ಅದಕ್ಕೆ ಮತ್ತೊಂದು. ಟೈಲರ್ ಮಗಳಲ್ಲವೇ, ತೇಪೆ ಹಾಕುವುದು ನನಗೆ ಚೆನ್ನಾಗಿ ಬರುತ್ತದೆ.

ಪ್ರೂಫ್ ಬಂದಾಗ ನಾನು ಅಂಗಡಿಯಲ್ಲಿದ್ದೆ. ಅಮ್ಮನೇ ಸಹಿ ಹಾಕಿ ತೆಗೆದುಕೊಂಡಿದ್ದಾರೆ, ಹೊಲಿಗೆ ಮೇಜಿನ ಮೇಲೆ ಹಾಸಿ ಒಂದೊಂದೇ ಹಾಳೆ ತಿರುವಿದ್ದಾರೆ. ನಾನು ಬಂದಾಗ ಹೊಲಿಗೆ ಮಷಿನ್ನಿನ ಮೇಲೆ ಬಿಳಿ ಬಟ್ಟೆ ಹೊದಿಸಿತ್ತು. ಅಪ್ಪ ಹೋದಾಗ ಹೊದಿಸಿದ್ದರಲ್ಲ, ಅದೇ ಬಟ್ಟೆ. ಅಮ್ಮ ನೀವು ಬಿಟ್ಟುಹೋದ ಬಟ್ಟೆಗಳನ್ನು ಪೆಟ್ಟಿಗೆಯಿಂದ ತೆಗೆದು ಮಡಿಕೆ ಹಾಕುತ್ತಾ ಕೂತಿದ್ದರು.

'ಯಾವಾಗ ಹೋದ್ಲು?' ಅಂದರು.

ನನಗೆ ಅರ್ಥವಾಗಲಿಲ್ಲ. ಬೇರೆಯಾದ ವಿಷಯ ಯಾರೋ ಹೇಳಿಬಿಟ್ಟಿದ್ದಾರೆ ಅಂದುಕೊಂಡೆ. 'ಜನವರೀಲಿ ಅಮ್ಮ' ಅಂದೆ. ಆ ಒಂದು ಮಾತೇ ನಾನು ಮಾಡಿದ ಅನಾಹುತ.

'ವರ್ಷ ಆಯ್ತು. ನಂಗೊಂದು ಮಾತು ಹೇಳ್ಬೇಕು ಅನ್ನಿಸ್ಲಿಲ್ವಾ ನಿಮಗೆ? ನಿಮ್ಮಪ್ಪಂಗೆ ಕತ್ತರಿ. ಇವಳಿಗೆ ದಾರದ ಉಂಡೆ' ಅಂದು ಮೇ ಹಾಳೆ ನನ್ನ ಮುಂದೆ ತಳ್ಳಿದರು.

ಆಗ ಹೊಳೆಯಿತು ನನಗೆ. ಯೋಚಿಸಿ ನೋಡಿ, ಅಮ್ಮನ ಲೆಕ್ಕದಲ್ಲಿ ತಪ್ಪೇನಿದೆ? ಇಷ್ಟು ವರ್ಷದಲ್ಲಿ ಆ ಕ್ಯಾಲೆಂಡರಿನಿಂದ ಮಾಯವಾದವರು ಅಪ್ಪ ಒಬ್ಬರೇ. ಮುನಿಸಿಕೊಂಡು ಆರು ವರ್ಷ ಮಾತು ಬಿಟ್ಟ ಚಿಕ್ಕಪ್ಪ ಕೂಡ ಜುಲೈನಲ್ಲಿ ನಗುತ್ತಲೇ ಇದ್ದರು. ಸತ್ತರೆ ಮಾತ್ರ ಅಲ್ಲಿಂದ ಹೋಗುವುದು. ನೀವು ಸತ್ತುಹೋಗಿದ್ದೀರಿ, ನಾವು ಮುಚ್ಚಿಟ್ಟಿದ್ದೇವೆ ಅಂತ ಅಮ್ಮ ತೀರ್ಮಾನ ಮಾಡಿಬಿಟ್ಟಿದ್ದಾರೆ.

ಅದಕ್ಕೇ ಫೋನ್ ಮಾಡಿದ್ದು. ನೀವು ಪರದೆಯಲ್ಲಿ ಕೈ ಬೀಸಿದ್ದನ್ನು ಅಮ್ಮ ಬಹಳ ಹೊತ್ತು ನೋಡಿದರು. ನಿಮ್ಮ ದನಿ ಅವರಿಗೆ ಕೇಳಿಸಲಿಲ್ಲ. ಆಮೇಲೆ ಫೋನನ್ನು ನನ್ನ ಕೈಗೆ ಕೊಟ್ಟು, 'ನಿಮ್ಮಪ್ಪನೂ ಇದ್ರಲ್ಲಿ ಕೈ ಬೀಸ್ತಾರೆ' ಅಂದರು. ಅಪ್ಪನ ಹಳೇ ವೀಡಿಯೋ ಅದರಲ್ಲಿದೆಯಲ್ಲ.

ಅನ್ನ ಮುಟ್ಟುತ್ತಿಲ್ಲ. ನೀರು, ಚಹ ಅಷ್ಟೇ. ಏನು ಮಾಡಲಿ ಅತ್ತಿಗೆ? ನೀವೇ ಒಂದು ಸಲ ಬಂದು ಹೋಗುತ್ತೀರಾ?

ಗುಬ್ಬಿ


ಡಿಸೆಂಬರ್ 6

ಗುಬ್ಬಿ,

ನಿನ್ನ ಕಾಗದ ಓದಿ ನಗು ಬಂತು, ಆಮೇಲೆ ಟೇಬಲ್ ಬಿಟ್ಟು ಎದ್ದು ಪೇಪರ್ ಗೋದಾಮಿನಲ್ಲಿ ಹೋಗಿ ನಿಂತುಕೊಂಡೆ. ಬೈಂಡರ್ ಅಣ್ಣ ಬಂದು 'ಏನಮ್ಮಾ, ರೀಮ್ ಎಣಿಸ್ತಿದ್ದೀಯಾ?' ಅಂದ. ಹೂಂ ಅಂದೆ.

ನನಗೆ ಕೋಪ ಬಂದಿದೆ, ಅದನ್ನು ಮುಚ್ಚಿಡುವುದಿಲ್ಲ. ಒಂದು ವರ್ಷ ನಾನು ಏನೆಂದುಕೊಂಡಿದ್ದೆ ಗೊತ್ತೇ? ಅತ್ತೆಗೆ ಎಲ್ಲ ಗೊತ್ತು, ಆದರೂ ಒಂದು ಸಲ ವಿಚಾರಿಸಲಿಲ್ಲ, ಮಗನ ಪಕ್ಷ ಹಿಡಿದರು, ನಾನು ಅವರ ಪಾಲಿಗೆ ಸತ್ತೆ ಎಂದುಕೊಂಡಿದ್ದೆ. ನನ್ನ ಹುಟ್ಟುಹಬ್ಬದ ದಿನ ಅವರಿಂದ ಏನಾದರೂ ಬರುತ್ತದೇನೋ ಎಂದು ಪ್ರೆಸ್ಸಿನ ಟಪಾಲು ಪೆಟ್ಟಿಗೆಯ ಹತ್ತಿರ ಮೂರು ಸಲ ಹೋಗಿ ಬಂದಿದ್ದೆ. ಅವರಿಗೆ ಹೇಳಿಯೇ ಇಲ್ಲ ಎಂದು ಈಗ ಹೇಳುತ್ತೀಯ. ಬಿಟ್ಟುಹೋದದ್ದು ಗಂಡ ಒಬ್ಬನೇ ಆಗಿದ್ದರೆ ನಾನು ಇಷ್ಟು ಸೋಲುತ್ತಿರಲಿಲ್ಲ ಗುಬ್ಬಿ. ಅತ್ತೆಯೂ ಹೋದರು ಅಂದುಕೊಂಡೇ ಸೋತದ್ದು.

ಬರಲು ಆಗುವುದಿಲ್ಲ. ವರ್ಷದ ಕೊನೆ, ಮಾಲೀಕರು ಒಂದು ದಿನವೂ ಬಿಡುವುದಿಲ್ಲ. ಅದು ನೆಪ ಎಂದು ನೀನು ಕಂಡುಹಿಡಿಯುವ ಮೊದಲು ನಾನೇ ಹೇಳುತ್ತೇನೆ: ಬಾಗಿಲಲ್ಲಿ ನಿಂತು ನಾನು ಯಾರು ಅಂತ ಹೇಳಲಿ? ದೂರದ ಶಾಖೆಯಿಂದ ರಜಕ್ಕೆ ಬಂದ ಸೊಸೆ ಎಂದೇ? ನಿಮ್ಮ ಸುಳ್ಳಿಗೆ ನಾನು ವೇಷ ಕಟ್ಟುವುದಿಲ್ಲ.

ಮೊದಲು ಅತ್ತೆಗೆ ನಿಜ ಹೇಳು. ಕೇಳಿಸದಿದ್ದರೆ ದಪ್ಪ ಅಕ್ಷರದಲ್ಲಿ ಬರೆದು ಕೊಡು. ಅದು ತಿಳಿದ ಮೇಲೂ ಅವರಿಗೆ ನಾನು ಆ ಗೋಡೆಯ ಮೇಲೆ ಬೇಕೋ ಬೇಡವೋ ಕೇಳು. ಬೇಡ ಅಂದರೆ ದಾರದ ಉಂಡೆಯೇ ಅಚ್ಚಾಗುತ್ತದೆ, ನನ್ನ ಬೇಸರ ನನಗಿರಲಿ. ಅವರು ಊಟ ಮಾಡಲಿ, ಅಷ್ಟೇ.


ಡಿಸೆಂಬರ್ 11

ಅತ್ತಿಗೆ,

ಹೇಳಿದೆ. ನೀವು ಅಂದ ಹಾಗೆ ಬರೆದು ಕೊಟ್ಟೆ. ಪುಟ್ಟಿಯ ಡ್ರಾಯಿಂಗ್ ಪುಸ್ತಕದ ಹಾಳೆಯಲ್ಲಿ, ಮಾರ್ಕರ್ ಪೆನ್ನಿನಲ್ಲಿ: 'ಅತ್ತಿಗೆ ಬದುಕಿದ್ದಾರೆ. ಅಣ್ಣ, ಅತ್ತಿಗೆ ಬೇರೆಯಾಗಿದ್ದಾರೆ. ನಾವು ಸುಳ್ಳು ಹೇಳಿದೆವು.' ಮೂರನೇ ಸಾಲು ಬರೆಯುವಾಗ ಮಾರ್ಕರ್ ಮುಗಿಯುತ್ತಾ ಬಂದಿತ್ತು, ಮಸುಕಾಗಿ ಬಂತು. ಅದನ್ನೇ ಬೆರಳಿಟ್ಟು ಓದಿದರು.

ನಂಬಲಿಲ್ಲ. 'ಬೇರೆ ಆದ್ರೆ ಬೇರೆ ಬೇರೆ ಹಾಳೇಲಿ ಇರ್ಲಿ. ಇದ್ದದ್ದೇ ಬೇರೆ ಹಾಳೇಲಿ ತಾನೇ, ಅವನು ಫೆಬ್ರವರಿ, ಅವಳು ಮೇ. ಅದಕ್ಕೆ ಅವಳನ್ನ ಯಾಕೆ ತೆಗೀತಾರೆ?' ಅಂದರು. ನೀವೇ ತೆಗೆದದ್ದು ಅಂದೆ. 'ಯಾವ ಸೊಸೆ ತನ್ನ ಹೆಸರು ತಾನೇ ಅಳಿಸ್ತಾಳೆ? ಸುಳ್ಳು ಹೇಳೋದ್ರಲ್ಲೂ ಒಂದು ಅಂದ ಬೇಡ್ವಾ ನಿಂಗೆ?'

ನಿಮ್ಮ ಪ್ರಶ್ನೆಯನ್ನೂ ಕೇಳಿದೆ. ಬದುಕಿದ್ದರೆ, ಬೇರೆಯಾದದ್ದು ನಿಜವೇ ಆದರೆ, ಆಗ ಬೇಕೋ ಬೇಡವೋ ಅಂತ. ಅದಕ್ಕೆ ಹೇಳಿದರು, 'ಅವರಿಬ್ರು ಹಾಕಿದ ಹೊಲಿಗೆ ಅವರಿಬ್ರು ಬಿಚ್ಕೊಂಡ್ರು. ನಾನು ಹಾಕಿದ್ದನ್ನ ಬಿಚ್ಚೋಕೆ ಅವರು ಯಾರು?'

ನಿನ್ನೆ ಒಂದು ಬ್ರೆಡ್ಡು ತಿಂದರು. ಮಷಿನ್ನಿನ ಮೇಲಿನ ಬಟ್ಟೆ ಹಾಗೇ ಇದೆ.

ನನ್ನ ಮೇಲೆ ಕೋಪ ಇರಲಿ ಅತ್ತಿಗೆ, ಅದು ಸರಿಯೇ. ಇಷ್ಟು ದಿನ ಅಮ್ಮನನ್ನು ಕಾಪಾಡುತ್ತಿದ್ದೇನೆ ಅಂದುಕೊಂಡಿದ್ದೆ. ಅಣ್ಣನ ಐದು ನಿಮಿಷದ ಫೋನನ್ನು ಕಾಪಾಡುತ್ತಿದ್ದೆ, ಅಷ್ಟೇ.

ಗುಬ್ಬಿ


ಡಿಸೆಂಬರ್ 15

ಗುಬ್ಬಿಗೆ,

ಕ್ಯಾಲೆಂಡರ್ ಅಚ್ಚಾಗಿ ಬಂತು, ಈ ಪಾರ್ಸೆಲ್‌ನಲ್ಲಿದೆ. ಬಣ್ಣದ ಮಷಿನ್ ಕೊನೆಯ ಸಲ ಖಾಲಿಯಾದ ಅರ್ಧ ಗಂಟೆಯಲ್ಲಿ, ಪಂಪಿನವರ ಕ್ಯಾಲೆಂಡರಿಗೂ ಕನ್ನಡಕದವರ ಕ್ಯಾಲೆಂಡರಿಗೂ ನಡುವೆ ನುಗ್ಗಿಸಿದ್ದು. ತಪ್ಪಿದ್ದರೆ ಈ ವರ್ಷಕ್ಕೆ ಅದೇ ಗತಿ.

ಮೇ ತಿಂಗಳಲ್ಲಿ ನಾನಿದ್ದೇನೆ. ಹಳೇ ಫೋಟೋ ಹಾಕಿದರೆ ಅತ್ತೆ ಇನ್ನೊಂದು ತರ್ಕ ಹೂಡುತ್ತಾರೆ. ಅದಕ್ಕೆ ಬೈಂಡರ್ ಅಣ್ಣನ ಕೈಗೆ ಫೋನ್ ಕೊಟ್ಟು ಹೊಸದು ತೆಗೆಸಿದೆ. ಕೈಯಲ್ಲಿ ಹೊಸ ವರ್ಷದ ಜನವರಿ ಹಾಳೆ ಹಿಡಿದು ನಿಂತಿದ್ದೇನೆ. ಅಪಹರಣ ಮಾಡಿದವರು ಆ ದಿನದ ಪೇಪರ್ ಕೈಗೆ ಕೊಟ್ಟು ಫೋಟೋ ತೆಗೆಯುತ್ತಾರಲ್ಲ, ಹಾಗೆ. ಹಿಂದೆ ಕಾಣುವುದು ಪೇಪರ್ ಗೋದಾಮು. ಕೂದಲು ಬಾಚಿಕೊಂಡಿದ್ದೆ, ಬಾಚಿಕೊಂಡ ಹಾಗೆ ಬಂದಿಲ್ಲ.

ಆಗಸ್ಟಿನ ಚೌಕ ಖಾಲಿಯೇ ಬಿಟ್ಟಿದ್ದೇನೆ. ಅದನ್ನು ಮಾತ್ರ ಮರಳಿ ಹಾಕಲಾರೆ. ಅತ್ತೆ ಅದನ್ನು ನೋಡಬೇಕು, ನೋಡಿ ನನ್ನನ್ನು ಬೈದರೂ ಸರಿ.

ಬದುಕಿದ್ದೇನೆ ಎಂದು ಸಾಬೀತು ಮಾಡುವುದು ಇಷ್ಟು ಕಷ್ಟ ಎಂದು ಗೊತ್ತಿರಲಿಲ್ಲ. ಈ ವರ್ಷವೆಲ್ಲ ನನಗೇ ಅಷ್ಟಾಗಿ ನಂಬಿಕೆ ಇರಲಿಲ್ಲ. ತಲುಪಿದ ಮೇಲೆ ಅವರು ಏನೆಂದರು ಅಂತ ಬರೆ. ಚೆನ್ನಾಗಿಲ್ಲದಿದ್ದರೂ ಬರೆ.


ಡಿಸೆಂಬರ್ 22

ಅತ್ತಿಗೆ!

ನಿಧಾನವಾಗಿ ಬರೆಯಬೇಕು ಅಂದುಕೊಂಡಿದ್ದೇನೆ, ಕೈ ಓಡುತ್ತಿದೆ. ಪಾರ್ಸೆಲ್ ನಾನೇ ಬಿಚ್ಚಿದೆ. ಮೇ ಹಾಳೆ ತೆರೆದು ಅಮ್ಮನ ಮಡಿಲಲ್ಲಿ ಇಟ್ಟು ದೂರ ನಿಂತೆ. ಅಮ್ಮ ಮುಖ ನೋಡಲೇ ಇಲ್ಲ. ನೀವು ಹಿಡಿದ ಜನವರಿ ಹಾಳೆಯನ್ನೂ ನೋಡಲಿಲ್ಲ, ನಿಮ್ಮ ಅಪಹರಣದ ಉಪಾಯ ನೀರುಪಾಲು. ಭೂತಗನ್ನಡಿ ತರಿಸಿಕೊಂಡು ನಿಮ್ಮ ಅಂಗಿ ನೋಡಿದರು. ಆ ನೀಲಿ ಉದ್ದ ತೋಳಿನದು, ಅಮ್ಮನೇ ಹೊಲಿದು ಕೊಟ್ಟದ್ದಲ್ಲವೇ? ನಿಮಗೆ ನೆನಪಿತ್ತೋ ಇಲ್ಲವೋ.

'ಭುಜದ ಹೊಲಿಗೆ ತೋಳಿಗೆ ಜಾರಿದೆ ನೋಡು. ಕಾಲರ್ ಬಾಯಿ ಬಿಟ್ಟಿದೆ. ನಾನು ಹೊಲಿದಾಗ ಹೀಗಿರ್ಲಿಲ್ಲ' ಅಂದರು. ಮತ್ತೆ ನೋಡಿದರು. ಬೆರಳಿನಿಂದ ಅಳೆದರು. ಆಮೇಲೆ ಕನ್ನಡಕ ತೆಗೆದು ನನ್ನ ಕಡೆ ತಿರುಗಿದರು.

'ಇಳಿದು ಹೋಗಿದ್ದಾಳೆ ಕಣೆ. ಸತ್ತೋರು ಇಳಿಯಲ್ಲ. ಸತ್ತೋರು ಹೇಗಿದ್ರೋ ಹಾಗೇ ಇರ್ತಾರೆ. ನಿಮ್ಮಪ್ಪನ ಫೋಟೋ ನೋಡು, ಒಂದು ಗುಲಗಂಜಿ ಇಳಿದಿಲ್ಲ. ಇವಳು ಬದುಕಿದ್ದಾಳೆ, ಯಾರೂ ಸರಿಯಾಗಿ ಊಟ ಹಾಕ್ತಿಲ್ಲ ಅಷ್ಟೇ.'

ಅಂದು ಅತ್ತರು ಅತ್ತಿಗೆ. ಇಷ್ಟು ದಿನ ಅತ್ತಿರಲಿಲ್ಲ. ಆಮೇಲೆ ನನಗೆ ಚೆನ್ನಾಗಿ ಉಗಿದರು, ಸುಳ್ಳು ಹೇಳಿದ್ದಕ್ಕೆ ಒಂದು ಕಂತು, ಜನವರೀಲಿ ಅಂದದ್ದಕ್ಕೆ ಇನ್ನೊಂದು ಕಂತು. ಅಣ್ಣ ಭಾನುವಾರ ಫೋನ್ ಮಾಡಿದಾಗ ಫೋನ್ ಕಸಿದುಕೊಂಡು, ಅವನ ಮಾತು ಕೇಳಿಸುವುದಿಲ್ಲವಲ್ಲ, ತಮ್ಮದಷ್ಟೂ ಹೇಳಿ ಇಟ್ಟುಬಿಟ್ಟರು. ಅವನಿಗೆ ಹವಾಮಾನ ಹೇಳಲು ಸಮಯವೇ ಸಿಗಲಿಲ್ಲ. ಮಷಿನ್ನಿನ ಮೇಲಿನ ಬಟ್ಟೆ ತೆಗೆದು ಒಗೆದು ಹಾಕಿದ್ದಾರೆ.

ಆಗಸ್ಟ್ ಹಾಳೆಯನ್ನೂ ನೋಡಿದರು. ಖಾಲಿ ಚೌಕದ ಮೇಲೆ ಬೆರಳು ಇಟ್ಟರು. ಹಾಳೆ ತಿರುವಿದರು.

ಇನ್ನೊಂದು ವಿಷಯ. ನೀವು ಬೇಜಾರು ಮಾಡಿಕೊಳ್ಳಬೇಡಿ, ಒಂದು ತಪ್ಪು ಉಳಿದಿದೆ. ನಮ್ಮೆಲ್ಲರ ಹುಟ್ಟುಹಬ್ಬ ಸರಿಯಾದ ಚೌಕಕ್ಕೆ ಸರಿಸಿದ್ದೀರಿ. ನಿಮ್ಮದೊಂದನ್ನೇ ಹಳೇ ಫೈಲಿನಿಂದ ತಂದು ಹಾಗೇ ಕೂರಿಸಿದ್ದೀರಿ. ಅದು ಶನಿವಾರದ ಚೌಕದಲ್ಲೇ ಉಳಿದಿದೆ, ಹದಿನಾರನೇ ತಾರೀಖಿಗೆ. ನಾನು ಗಮನಿಸಿರಲಿಲ್ಲ. ಅಮ್ಮ ಗಮನಿಸಿದರು. 'ಎಲ್ಲರನ್ನೂ ಅವರವರ ಜಾಗಕ್ಕೆ ಕಳಿಸಿ ತನ್ನನ್ನ ಮರೆತಿದ್ದಾಳೆ' ಅಂದು ಪೆನ್ಸಿಲ್ ಚೂಪು ಮಾಡಿಕೊಂಡರು. ಹದಿನಾರು ಸಾಲಿನ ಕೊನೆಯಲ್ಲಿದೆ, ಹದಿನೇಳು ಕೆಳಸಾಲಿನ ಮೊದಲಲ್ಲಿ. ಹಾಗಾಗಿ ನಿಮ್ಮ ಹೆಸರಿನಿಂದ ಒಂದು ಬಾಣ ಎಳೆದರು ನೋಡಿ, ಬಲದ ಅಂಚಿನಿಂದ ಎಡದ ಅಂಚಿನ ತನಕ, ಇಡೀ ವಾರ ದಾಟಿಸಿಕೊಂಡು ಹೋಗಿ ಹದಿನೇಳಕ್ಕೆ ಮುಟ್ಟಿಸಿದರು. ಗೆರೆ ಸೊಟ್ಟಗಿದೆ.

ಆಮೇಲೆ ಅದರ ಕೆಳಗರ್ಧದಲ್ಲಿ ಬರೆದರು. ಎಷ್ಟೋ ವರ್ಷದಿಂದ ಖಾಲಿ ಉಳಿದ ಆ ಜಾಗದಲ್ಲಿ, ಅಂಗಡಿ ಕಾಲದ ಅದೇ ಅಕ್ಷರ: 'ಸೊಸೆ. ನೀಲಿ ಅಂಗಿ. ಭುಜ ಹಿಡಿದು ಹೊಲಿಯಬೇಕು.'

ಅಂಗಿ ಪೋಸ್ಟಿನಲ್ಲಿ ಕಳಿಸಲು ಹೇಳಲೇ ಎಂದು ಸನ್ನೆ ಮಾಡಿ ಕೇಳಿದೆ. ಬೇಡ ಎಂದು ತಲೆಯಾಡಿಸಿದರು. 'ಅಂಗಿ ಬಂದ್ರೆ ಏನು ಮಾಡ್ಲಿ? ಅಳತೆಗೆ ಆಳು ಬೇಕು.'

ನಿಮ್ಮ ಗುಬ್ಬಿ


ಡಿಸೆಂಬರ್ 29

ಗುಬ್ಬಿಗೆ,

ನಿನ್ನ ಕಾಗದವನ್ನು ಬೈಂಡರ್ ಅಣ್ಣನಿಗೆ ಓದಿ ಹೇಳಿದೆ. 'ಹಾಗಾದ್ರೆ ತಪ್ಪು ಅಚ್ಚಾಗಿದೆ ಅನ್ನು' ಎಂದ, ಅವನಿಗೆ ಕಂಡದ್ದು ಅಷ್ಟೇ. ಸರಿಯಾದ ಮಾತೇ. ಮುಂದಿನ ವರ್ಷದ ಫೈಲಿನಲ್ಲಿ ತಿದ್ದುತ್ತೇನೆ. ಈ ವರ್ಷದ್ದಕ್ಕೆ ರಬ್ಬರ್ ಮುಟ್ಟಿಸಬೇಡಿ.

ನಾಳೆ ಕನ್ನಡಕದವರ ಕ್ಯಾಲೆಂಡರ್ ಹೋದರೆ ಈ ಸಲದ ಇಸವಿ ಬದಲಿಸುವ ಕೆಲಸ ಮುಗಿಯಿತು. ಬೆನ್ನು ನೋಯುತ್ತಿದೆ, ಎರಡು ದಿನ ಮಲಗಿಯೇ ಇರಬೇಕು. ಕನ್ನಡಿಯ ಮುಂದೆ ನಿಂತು ನೀಲಿ ಅಂಗಿಯ ಭುಜ ನೋಡಿಕೊಂಡೆ. ನಿಜ, ಜಾರಿದೆ. ದಿನಾ ತೊಟ್ಟುಕೊಳ್ಳುತ್ತಿದ್ದೆ, ನನಗೆ ಕಂಡಿರಲಿಲ್ಲ.

ಅತ್ತೆಗೆ ಇದನ್ನು ದಪ್ಪ ಅಕ್ಷರದಲ್ಲಿ ಬರೆದು ತೋರಿಸು, ಹೊಸ ಮಾರ್ಕರ್ ಕೊಂಡುಕೊಂಡು: ಈ ಮನೆಯ ಸೊಸೆಯಾಗಿ ನಾನು ಬರುವುದಿಲ್ಲ. ಅಳತೆಗೆ ಬರುತ್ತೇನೆ. ಹದಿನಾರಕ್ಕಲ್ಲ, ಹದಿನೇಳಕ್ಕೆ.

ಅತ್ತಿಗೆ